ಹಳೆಯ ಟಾಟಾ 207ಕ್ಕೆ ಹೊಸ ರೇಡಿಯೇಟರ್: ಪುಣೆಯ ನಾನಾ ಪೇಠೆಯಲ್ಲಿ ನೋಡಿದ್ದು, ಕೊಂಡದ್ದು

ಹಳೆಯ ಡೀಸೆಲ್ ಪಿಕಪ್ಪಿಗೆ ರೇಡಿಯೇಟರ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ತಾಮ್ರದ್ದೋ, ಅಲ್ಯೂಮಿನಿಯಮ್ಮಿನದೋ’ ಎಂದು. ಆಮೇಲೆ ದರ ಕೇಳುತ್ತಾರೆ. ಜಾಳಿಯ (ನೀರಿನ ನಳಿಕೆಗಳೂ ಗಾಳಿ ಹಾಯುವ ತೆಳು ಫಿನ್‌ಗಳೂ ಇರುವ ನಡುಭಾಗದ) ದಪ್ಪ ಎಷ್ಟು, ಫ್ಯಾನಿನ ಸುತ್ತಲಿನ ಕವಚ ಅದಕ್ಕೆ ಸರಿಯಾಗಿ ಕೂರುತ್ತದೆಯೇ, ಮುಚ್ಚಳ ಎಷ್ಟು ಒತ್ತಡದ್ದು ಎಂಬ ಪ್ರಶ್ನೆಗಳು ಬರುವ ಹೊತ್ತಿಗೆ ಹಣ ಎಣಿಸಿ ಕೊಟ್ಟಾಗಿರುತ್ತದೆ. ನಮ್ಮ ಟಾಟಾ 207 ಡಿಐಗೆ ಈ ಬೇಸಿಗೆಯಲ್ಲಿ ರೇಡಿಯೇಟರ್ ಬದಲಾಯಿಸಬೇಕಾಗಿ ಬಂದಾಗ ಪುಣೆಯ ನಾನಾ ಪೇಠೆಯ ಒಂದು ಅಂಗಡಿಯಲ್ಲಿ ಮೂರು ಬಗೆಯವನ್ನು ಅಕ್ಕಪಕ್ಕದಲ್ಲಿಟ್ಟು, ಅಳೆದು, ನೀರಿನಲ್ಲಿ ಮುಳುಗಿಸಿ ನೋಡುವ ಅವಕಾಶ ಸಿಕ್ಕಿತು. ಕೊಂಡದ್ದರ ಬಗ್ಗೆ, ಕೊಳ್ಳದೆ ಬಿಟ್ಟದ್ದರ ಬಗ್ಗೆ ಮತ್ತು ಕೂರಿಸಿದ ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಇಂಡಿ, ಚಡಚಣ, ಅಫಜಲಪುರದ ಕಡೆಯಿಂದ ಗುಲ್ಟೆಕಡಿಯ ಮಾರ್ಕೆಟ್ ಯಾರ್ಡಿಗೆ ಮಾಲು ತರುವ ನಮ್ಮವರಲ್ಲಿ ಇದೇ ಗಾಡಿ ಇಟ್ಟುಕೊಂಡವರು ಇನ್ನೂ ಬಹಳ ಮಂದಿ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಬಹುದು.

ಗಾಡಿಯ ವಿವರ ಹೀಗಿದೆ. 1988ರಲ್ಲಿ ಬಂದ ಟಾಟಾಮೊಬೈಲ್ 206ರ ವಂಶಕ್ಕೆ ಸೇರಿದ 207 ಡಿಐ, 97 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ) ಮತ್ತು 100 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಉಳ್ಳ ನಾಲ್ಕು ಸಿಲಿಂಡರುಗಳ, 2,956 ಸಿಸಿ ಡೀಸೆಲ್ ಎಂಜಿನ್ನಿನ ಗಾಡಿ. ಈ ತಲೆಮಾರಿನ ಎಂಜಿನ್ ಸುಡುವ ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೆಲಸಕ್ಕೆ ಬಂದರೆ, ಉಳಿದದ್ದು ಹೊಗೆಯ ಜೊತೆಗೂ ಕೂಲಂಟಿನ (ಎಂಜಿನ್ ತಣಿಸುವ ದ್ರವದ) ಮೂಲಕವೂ ಹೊರಗೆ ಹೋಗಬೇಕು. ನಮ್ಮ ಗಾಡಿ ಹೆಚ್ಚಾಗಿ ಓಡುವುದು ಸೊಲ್ಲಾಪುರದ ರಸ್ತೆಯಲ್ಲಿ, ಅಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ನಡುವೆ ಕೊಲ್ಹಾಪುರ, ನಿಪ್ಪಾಣಿಯ ಬಾಡಿಗೆ ಬಂದರೆ ಸಾತಾರಾಕ್ಕೆ ಮೊದಲು ಖಂಬಾಟ್ಕಿ ಘಾಟ್ ಹತ್ತಬೇಕು. ಒಂದು ಕಡೆ ಉದ್ದಕ್ಕೂ ಬಿಸಿಗಾಳಿ, ಇನ್ನೊಂದು ಕಡೆ ಎರಡನೇ ಗೇರಿನ ಏರು. ರೇಡಿಯೇಟರಿಗೆ ಈ ಎರಡೂ ಬೇರೆಬೇರೆ ಪರೀಕ್ಷೆಗಳು.

ಆ ವ್ಯತ್ಯಾಸವನ್ನು ಗಮನಿಸಿದರೆ ಕೆಟ್ಟಿರುವುದು ರೇಡಿಯೇಟರೇ ಹೌದೋ ಅಲ್ಲವೋ ಎಂಬುದು ಅರ್ಧ ಗೊತ್ತಾಗುತ್ತದೆ. ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರಿ, ಹೆದ್ದಾರಿಯಲ್ಲಿ ಓಡುವಾಗ ಇಳಿದರೆ ಸಂಶಯ ಫ್ಯಾನಿನ ಮೇಲೆ, ಅದರಲ್ಲೂ ವಿಸ್ಕಸ್ ಕಪ್ಲಿಂಗ್ (ಬಿಸಿಗೆ ತಕ್ಕಂತೆ ಫ್ಯಾನನ್ನು ತಿರುಗಿಸುವ, ದ್ರವ ತುಂಬಿದ ಜೋಡಣೆ) ಇರುವ ಗಾಡಿಗಳಲ್ಲಿ ಒಳಗಿನ ಸಿಲಿಕೋನ್ ದ್ರವ ಸೋರಿ ಹೋಗಿರುವುದರ ಮೇಲೆ ಹೋಗಬೇಕು. ಗಾಳಿ ತಾನಾಗಿಯೇ ನುಗ್ಗಿ ಬರುವ ವೇಗದಲ್ಲಿಯೂ, ಹೊರೆಯ ಜೊತೆ ಓಡುವಾಗ, ಮುಳ್ಳು ಮೇಲೇರುತ್ತಿದ್ದರೆ ಜಾಳಿಯೊಳಗಿನ ನಳಿಕೆಗಳು ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ನಮ್ಮ ಗಾಡಿಯಲ್ಲಿ ಆಗುತ್ತಿದ್ದುದು ಇದು. ಮೆಕ್ಯಾನಿಕ್ ಎಂಜಿನ್ನನ್ನು ಪೂರ್ತಿ ಬಿಸಿ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ಜಾಳಿಯ ಉದ್ದಗಲಕ್ಕೂ ಆಡಿಸಿದಾಗ, ಮೇಲಿನ ಭಾಗ ಸುಡುವಷ್ಟು ಬಿಸಿಯಿದ್ದರೂ ಕೆಳಗಿನ ಎಡಮೂಲೆಯ ದೊಡ್ಡ ಪಟ್ಟೆಯೊಂದು ಬಹುತೇಕ ತಣ್ಣಗೆ ಉಳಿದಿತ್ತು. ಅಲ್ಲಿಗೆ ನೀರು ಹೋಗುತ್ತಲೇ ಇರಲಿಲ್ಲ.

ಆದರೂ ಅವರು ಅಷ್ಟಕ್ಕೇ ಬಿಡಲಿಲ್ಲ. ಎಂಜಿನ್ ಬಿಸಿಯಾದಾಗ ರೇಡಿಯೇಟರಿನ ಕಡೆ ನೀರು ಬಿಡುವ ಥರ್ಮೋಸ್ಟಾಟನ್ನು ಬಿಚ್ಚಿ ಪಾತ್ರೆಯ ಬಿಸಿನೀರಿನಲ್ಲಿ ಹಾಕಿ ಅದು ತೆರೆಯುವುದನ್ನು ಕಣ್ಣಾರೆ ತೋರಿಸಿದರು. ವಾಟರ್ ಪಂಪಿನ ಬೆಲ್ಟ್ ಎಳೆದು ನೋಡಿದರು. ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ನೀರಿನಲ್ಲಿ ಸತತವಾಗಿ ಗುಳ್ಳೆ ಏಳುತ್ತದೆಯೇ ಎಂದು ಕಾದರು. ಗುಳ್ಳೆ ನಿಲ್ಲದೆ ಬಂದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ಡಿನ ನಡುವಿನ ಪದರ) ಹೋಗಿದೆ ಎಂದರ್ಥ, ಆಗ ಎಂಥ ಒಳ್ಳೆಯ ರೇಡಿಯೇಟರ್ ಹಾಕಿದರೂ ದುಡ್ಡು ನೀರಿಗೆ ಹಾಕಿದಂತೆಯೇ. ರೇಡಿಯೇಟರ್ ಕೊಳ್ಳುವ ಮೊದಲು ಈ ಪರೀಕ್ಷೆಗಳನ್ನು ಮಾಡದ ಗ್ಯಾರೇಜಿಗೆ ಹೋಗಬೇಡಿ ಎಂದೇ ನಾನು ಹೇಳುತ್ತೇನೆ. ಹಾಗೆಯೇ, ಬಿಸಿ ಎಂಜಿನ್ನಿನ ಮುಚ್ಚಳವನ್ನು ಎಂಥ ಅವಸರವಿದ್ದರೂ ತೆರೆಯಬಾರದು. ಒತ್ತಡ ಇಳಿದ ಕ್ಷಣವೇ ಒಳಗಿನ ನೀರು ಉಗಿಯಾಗಿ ಮುಖಕ್ಕೆ ಹಾರುತ್ತದೆ, ಘಾಟಿನಲ್ಲಿ ಡ್ರೈವರುಗಳು ಮುಖ, ಕೈ ಸುಟ್ಟುಕೊಳ್ಳುವುದು ಹೀಗೆಯೇ.

ಹಳೆಯದನ್ನು ಇಳಿಸಿ ಮೇಲಿನ ಟಾಕಿ ಬಿಚ್ಚಿದಾಗ ಕಾರಣ ಸಿಕ್ಕಿತು. ಈ ಗಾಡಿ ನಮ್ಮ ಕೈಗೆ ಬರುವ ಮೊದಲು ಯಾವಾಗಲೋ ಸೋರಿಕೆ ನಿಲ್ಲಿಸಲು ಅರಿಸಿನದ ಪುಡಿ ಹಾಕಿದ್ದಿರಬೇಕು. ಹಳದಿ ಮಿಶ್ರಿತ ಕಂದು ಕೆಸರು, ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಪದರದ ಜೊತೆ ಗಟ್ಟಿಯಾಗಿ, ನಳಿಕೆಗಳ ಬಾಯಿಗಳನ್ನು ಸಾಲಾಗಿ ಮುಚ್ಚಿತ್ತು. ಅರಿಸಿನ ಹಾಕಿದರೆ ರಸ್ತೆ ಬದಿಯಲ್ಲಿ ಗಾಡಿ ಮುಂದಕ್ಕೆ ಸಾಗುವುದು ನಿಜ. ಊರು ಮುಟ್ಟಿದ ಮೇಲೆ ಅದನ್ನು ತೊಳೆದು ತೆಗೆಯದಿದ್ದರೆ ತೂತು ಮುಚ್ಚಿದ ಪುಡಿಯೇ ನಳಿಕೆಯನ್ನೂ ಮುಚ್ಚುತ್ತದೆ.

ಇನ್ನು ಅಂಗಡಿಯ ಮಾತು. ನಾನಾ ಪೇಠೆ ಪುಣೆಯಲ್ಲಿ ವಾಹನ ಬಿಡಿಭಾಗಗಳ ಹಳೆಯ ಮಾರುಕಟ್ಟೆ, ಹಳೆಯ ಗಾಡಿಯ ಸಾಮಾನು ಬೇಕೆಂದರೆ ಹುಡುಕಾಟ ಅಲ್ಲಿಂದಲೇ ಶುರು. ನಮ್ಮ ಮೆಕ್ಯಾನಿಕ್ ಕರೆದುಕೊಂಡು ಹೋದ ಅಂಗಡಿ ಅಗಲದಲ್ಲಿ ಚಿಕ್ಕದಾದರೂ ರೇಡಿಯೇಟರ್ ಒಂದರಲ್ಲೇ ವ್ಯಾಪಾರ ಮಾಡುವಂಥದ್ದು, ಹಿಂಬದಿಯಲ್ಲಿ ಬೆಸುಗೆಯ ಕೆಲಸಕ್ಕೂ ಜಾಗವಿದೆ. ಮಾಲೀಕರು ಮರಾಠಿ, ಕೆಲಸಗಾರರಲ್ಲಿ ಇಬ್ಬರು ಕಲಬುರಗಿ ಕಡೆಯವರು. ನಾನು ಕಂಪನಿಯ ಹೆಸರು ಕೇಳುತ್ತಿದ್ದಂತೆ ಅವರಲ್ಲೊಬ್ಬರು, “ಅಣ್ಣಾರ, ಮದಲ ಜಾಳಿ ನೋಡೂಣ್ರಿ, ಹೆಸರ ಆಮ್ಯಾಲ” ಎಂದು ಕ್ಯಾಲಿಪರ್ ತಂದರು. ಗಿರಾಕಿಯ ಕೈಗೆ ಅಳತೆಯ ಸಾಧನ ಕೊಡುವ ಅಂಗಡಿಯನ್ನು ನಂಬಬಹುದು ಎಂದು ನನಗನ್ನಿಸಿತು.

ಮೊದಲ ಆಯ್ಕೆ, ನಮ್ಮದೇ ಹಳೆಯ ಹಿತ್ತಾಳೆಯ ಟಾಕಿಗಳನ್ನು ಉಳಿಸಿಕೊಂಡು ತಾಮ್ರ-ಹಿತ್ತಾಳೆಯ ಹೊಸ ಜಾಳಿ ಹಾಕಿಸುವುದು. ಎರಡನೆಯದು, ಅಲ್ಯೂಮಿನಿಯಂ ಜಾಳಿ ಮತ್ತು ಪ್ಲಾಸ್ಟಿಕ್ ಟಾಕಿಯ, ವಾಹನ ಕಂಪನಿಗಳಿಗೇ ಮಾಲು ಕೊಡುವ ತಯಾರಕರ ರೇಡಿಯೇಟರ್. ಈ ವರ್ಗದಲ್ಲಿ ನಮ್ಮ ಕಡೆ ಹೆಚ್ಚಾಗಿ ಕೇಳಿಬರುವ ಹೆಸರುಗಳು ವಡೋದರಾದ ಬ್ಯಾಂಕೊ ಮತ್ತು ಇಲ್ಲೇ ಹಿಂಜವಡಿಯ ಟಾಟಾ ಟೊಯೊ. ಮೂರನೆಯದು, ನೋಡಲು ಎರಡನೆಯದರಂತೆಯೇ ಇದ್ದು, ಪೆಟ್ಟಿಗೆಯ ಮೇಲೆ ತಯಾರಕರ ವಿಳಾಸವೇ ಇಲ್ಲದ, ಅರ್ಧಕ್ಕಿಂತ ಕಡಿಮೆ ದರದ ಮಾಲು.

ತಾಮ್ರದ ಪರವಾಗಿ ಎಲ್ಲರೂ ಹೇಳುವ ಮಾತು ಒಂದೇ: ತಾಮ್ರ ಶಾಖವನ್ನು ಚೆನ್ನಾಗಿ ಒಯ್ಯುತ್ತದೆ. ಲೋಹವನ್ನಷ್ಟೇ ತೆಗೆದುಕೊಂಡರೆ ಇದು ಸರಿ. ಶುದ್ಧ ತಾಮ್ರದ ಉಷ್ಣವಾಹಕತೆ (ಮೀಟರ್-ಕೆಲ್ವಿನ್ನಿಗೆ ವಾಟ್ ಲೆಕ್ಕದಲ್ಲಿ) ಸುಮಾರು 400, ಅಲ್ಯೂಮಿನಿಯಮ್ಮಿನದು ಸುಮಾರು 237. ಆದರೆ ‘ತಾಮ್ರದ ರೇಡಿಯೇಟರ್’ ಎಂದು ನಾವು ಕರೆಯುವುದರಲ್ಲಿ ತಾಮ್ರದ್ದಾಗಿರುವುದು ಗಾಳಿ ಹಾಯುವ ಫಿನ್ ಮಾತ್ರ. ನೀರು ಹರಿಯುವ ನಳಿಕೆ ಹಿತ್ತಾಳೆಯದು, ಅದರ ವಾಹಕತೆ ಅಲ್ಯೂಮಿನಿಯಮ್ಮಿನ ಅರ್ಧದ ಆಸುಪಾಸಿನಲ್ಲಿದೆ, ಮತ್ತು ಎರಡರ ನಡುವಿನ ಬೆಸುಗೆಯಲ್ಲಿರುವ ಸೀಸ-ತವರ ಅದಕ್ಕಿಂತಲೂ ಮಂದ. ಅಲ್ಯೂಮಿನಿಯಂ ಜಾಳಿಯಲ್ಲಿ ನಳಿಕೆ ಮತ್ತು ಫಿನ್ ಎರಡೂ ಒಂದೇ ಲೋಹದವು, ಕುಲುಮೆಯಲ್ಲಿ ಸುಮಾರು 600 ಡಿಗ್ರಿಯಲ್ಲಿ ಬ್ರೇಜ್ ಆಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇದೆಲ್ಲಕ್ಕಿಂತ ಮುಖ್ಯವಾದುದು, ರೇಡಿಯೇಟರಿನಲ್ಲಿ ಶಾಖ ಹೋಗಲು ಇರುವ ದೊಡ್ಡ ಅಡ್ಡಿ ಲೋಹದಲ್ಲಿ ಇಲ್ಲ, ಲೋಹದಿಂದ ಗಾಳಿಗೆ ದಾಟುವ ಜಾಗದಲ್ಲಿದೆ. ಆದ್ದರಿಂದ ಗಾಳಿಗೆ ತಾಗುವ ಫಿನ್ನಿನ ಒಟ್ಟು ಮೈ ಎಷ್ಟು, ಅದರ ನಡುವೆ ಎಷ್ಟು ಗಾಳಿ ಹಾಯುತ್ತದೆ ಎಂಬುದೇ ಘಾಟಿನಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ.

ನಳಿಕೆಯ ಸಾಲುಗಳನ್ನು ಎಣಿಸುವವರೂ ಇಲ್ಲಿ ಎಚ್ಚರದಿಂದಿರಬೇಕು. ಹಿತ್ತಾಳೆಯ ನಳಿಕೆ ಸಾಮಾನ್ಯವಾಗಿ ಅರ್ಧ ಅಂಗುಲ ಅಥವಾ ಅದಕ್ಕಿಂತ ತುಸು ಹೆಚ್ಚು ಅಗಲದ್ದು, ಅದಕ್ಕೇ ಮೂರು, ನಾಲ್ಕು ಸಾಲು ಬೇಕಾಗುತ್ತದೆ. ಅಲ್ಯೂಮಿನಿಯಂ ನಳಿಕೆಯನ್ನು ಅದರ ಎರಡು ಪಟ್ಟು ಅಗಲವಾಗಿ ಮಾಡಬಹುದು. ಹಾಗಾಗಿ ‘ನಮ್ಮದು ನಾಲ್ಕು ಸಾಲಿನದು, ಅದು ಬರೀ ಎರಡು ಸಾಲಿನದು’ ಎಂಬ ಹೋಲಿಕೆಗೆ ಅರ್ಥವಿಲ್ಲ. ಒಂದೇ ಲೋಹದ ಎರಡು ಜಾಳಿಗಳನ್ನು ಹೋಲಿಸುವಾಗ ಮಾತ್ರ ಸಾಲು ಎಣಿಸಬೇಕು. ಬೇರೆ ಲೋಹದವಾದರೆ ಜಾಳಿಯ ಎತ್ತರ, ಅಗಲ, ದಪ್ಪ ಮತ್ತು ಒಂದು ಅಂಗುಲದಲ್ಲಿ ಎಷ್ಟು ಫಿನ್ ಇವೆ ಎಂಬುದನ್ನು ಅಳೆಯಬೇಕು.

ಆ ಅಳತೆಯಲ್ಲೇ ಮೂರನೆಯ ಬಗೆಯ ಬಣ್ಣ ಬಯಲಾಯಿತು. ಎದುರಿನಿಂದ ನೋಡಿದರೆ ಅದು ಮತ್ತು ಕಂಪನಿಯ ಮಾಲು ಅವಳಿಗಳಂತಿದ್ದವು, ಪಕ್ಕಕ್ಕೆ ಕ್ಯಾಲಿಪರ್ ಹಿಡಿದಾಗ ಅಗ್ಗದ್ದರ ಜಾಳಿ ಎದ್ದು ಕಾಣುವಷ್ಟು ತೆಳ್ಳಗಿತ್ತು. ಟಾಕಿಯ ಅಗಲ ಮಾತ್ರ ಅಷ್ಟೇ ಇದ್ದುದರಿಂದ ಗಾಡಿಗೆ ಕೂರಿಸಿದ ಮೇಲೆ ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಉಗುರಿನಿಂದ ಮೆಲ್ಲಗೆ ಒತ್ತಿದರೆ ಅದರ ಫಿನ್ ಬಾಗುತ್ತಿತ್ತು, ಕೆಲವು ಕಡೆ ಫಿನ್ ನಳಿಕೆಗೆ ತಾಗಿಯೇ ಇರಲಿಲ್ಲ. ತಾಗದ ಫಿನ್ ಶಾಖ ಒಯ್ಯದು. ಆಮೇಲೆ ಅಂಗಡಿಯವರು ಎರಡೂ ಬಾಯಿಗಳಿಗೆ ರಬ್ಬರ್ ಬಿರಡೆ ಬಿಗಿದು, ಕಂಪ್ರೆಸರಿನಿಂದ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಒಂದೊಂದನ್ನೇ ಮುಳುಗಿಸಿದರು. ಕಂಪನಿಯ ಮಾಲಿನ ಫಿನ್‌ಗಳಲ್ಲಿ ಸಿಕ್ಕಿಕೊಂಡಿದ್ದ ಗಾಳಿಯ ಸಣ್ಣ ಗುಳ್ಳೆಗಳು ಬಿಡಿಸಿಕೊಂಡು ಮೇಲೆ ಬಂದು ನಿಂತುಹೋದವು. ಅಗ್ಗದ್ದರಲ್ಲಿ ಪ್ಲಾಸ್ಟಿಕ್ ಟಾಕಿಯನ್ನು ಅಲ್ಯೂಮಿನಿಯಂ ತಟ್ಟೆಗೆ ಮಡಚಿ ಕಚ್ಚಿಸಿರುವ ಅಂಚಿನಿಂದ, ಒಂದು ಮೂಲೆಯಲ್ಲಿ, ಸೂಜಿಯಷ್ಟು ಸಣ್ಣ ಗುಳ್ಳೆಗಳ ಸಾಲು ನಿಲ್ಲದೆ ಏಳುತ್ತಲೇ ಇತ್ತು. ಇನ್ನೂ ಗಾಡಿಯನ್ನೇ ಕಾಣದ ಹೊಸ ಮಾಲಿನ ಸ್ಥಿತಿ ಇದು. ಎಲ್ಲ ಅಗ್ಗದ ಮಾಲೂ ಹೀಗೇ ಇರುತ್ತದೆ ಎಂದು ನಾನು ಹೇಳಲಾರೆ. ಆದರೆ ತೊಟ್ಟಿಯ ಪರೀಕ್ಷೆ ಇಲ್ಲದೆ ಯಾವ ರೇಡಿಯೇಟರನ್ನೂ, ಎಷ್ಟೇ ದೊಡ್ಡ ಹೆಸರಿನದಾದರೂ, ಮನೆಗೆ ಒಯ್ಯಬಾರದು.

ತಾಮ್ರದ ಜಾಳಿ ಹಾಕಿಸುವುದು ಹಾಗೆ ತಳ್ಳಿಹಾಕುವಂಥ ಆಯ್ಕೆ ಅಲ್ಲ, ನಾನು ಅದರ ಬಗ್ಗೆ ಬಹಳ ಯೋಚಿಸಿದೆ. ಕಲ್ಲು ಬಡಿದು ತೂತಾದರೆ ಇಂಡಿಯಲ್ಲಾಗಲಿ, ಸಿಂದಗಿಯಲ್ಲಾಗಲಿ ಬೆಸುಗೆ ಹಾಕುವವರು ಸಿಗುತ್ತಾರೆ. ಕಟ್ಟಿಕೊಂಡರೆ ಟಾಕಿ ಬಿಚ್ಚಿ, ನಳಿಕೆಗಳೊಳಗೆ ರಾಡ್ ಹೊಡೆಸಿ ಬಿಡಿಸಬಹುದು. ಹಿತ್ತಾಳೆಯ ಟಾಕಿ ಪ್ಲಾಸ್ಟಿಕ್ಕಿನಂತೆ ವರ್ಷ ಕಳೆದಂತೆ ಪೆಡಸಾಗಿ ಬಿರಿಯುವುದಿಲ್ಲ. ಹೊಲದ ದಾರಿಯಲ್ಲೇ ದಿನವಿಡೀ ಓಡುವ ಗಾಡಿಗೆ, ದೊಡ್ಡ ಪಟ್ಟಣ ದೂರವಿರುವವರಿಗೆ, ನಾನು ಈಗಲೂ ಅದನ್ನೇ ಹೇಳುತ್ತೇನೆ. ಆದರೆ ತಾಮ್ರದ ಸಾಂದ್ರತೆ ಅಲ್ಯೂಮಿನಿಯಮ್ಮಿನ ಮೂರು ಪಟ್ಟಿಗಿಂತ ಹೆಚ್ಚು, ಆ ಭಾರವೆಲ್ಲ ಅದುರುವ ಚಾಸಿಯ ಮೇಲೆ ಬೆಸುಗೆಯ ಗೆರೆಗಳನ್ನು ಜಗ್ಗುತ್ತಲೇ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಇದರ ಗುಣಮಟ್ಟ ಬೆಸುಗೆ ಹಾಕುವವರ ಕೈಯನ್ನೇ ಅವಲಂಬಿಸಿದೆ. ಈ ಅಂಗಡಿಯಲ್ಲಿ ಮಾಡಿಟ್ಟಿದ್ದ ಒಂದು ಜಾಳಿಯ ಕೆಲಸ ಅಚ್ಚುಕಟ್ಟಾಗಿತ್ತು, ನಳಿಕೆಯ ತುದಿಗಳ ಸುತ್ತ ಬೆಸುಗೆ ಒಂದೇ ಸಮನಾಗಿ ಹರಿದು ಹೊಳೆಯುತ್ತಿತ್ತು. ಬೇರೆ ಕಡೆ ನಾನು ನೋಡಿದ ಕೆಲವಲ್ಲಿ ಬೆಸುಗೆ ಗಂಟುಗಂಟಾಗಿ ನಿಂತು, ನಳಿಕೆಯ ಬಾಯಿಯನ್ನೇ ಅರ್ಧ ಮುಚ್ಚಿತ್ತು. ಜಾಳಿ ಹಾಕಿಸುವುದಾದರೆ ಮೇಲಿನ ಟಾಕಿ ಕೂರಿಸುವ ಮೊದಲೇ ಹೋಗಿ ಒಳಗೆ ನೋಡಿ ಬರುವುದು ಒಳ್ಳೆಯದು.

ಕೊನೆಗೆ ನಾವು ಕೊಂಡದ್ದು ಎರಡನೆಯ ಬಗೆಯನ್ನು. ನಮ್ಮ ಓಡಾಟವೆಲ್ಲ ಹೆದ್ದಾರಿಯಲ್ಲಿ, ಪುಣೆ, ಸೊಲ್ಲಾಪುರ, ಕೊಲ್ಹಾಪುರ ಎಲ್ಲಿ ಬೇಕಾದರೂ ಸಾಮಾನು ಸಿಗುತ್ತದೆ, ಮತ್ತು ಕಂಪನಿಯ ಜಾಳಿಯ ಅಳತೆ ಮೂರರಲ್ಲಿ ಉತ್ತಮವಾಗಿತ್ತು. ಇದಕ್ಕಿಂತ ಒತ್ತಾದ ಫಿನ್‌ಗಳ ಇನ್ನೊಂದು ಮಾಲೂ ಅಲ್ಲಿತ್ತು. ಅದನ್ನು ಬೇಕೆಂದೇ ಬಿಟ್ಟೆವು. ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿಯ ಸಿಪ್ಪೆ ಗಾಳಿಯಲ್ಲಿ ಹಾರಾಡುತ್ತಲೇ ಇರುತ್ತದೆ, ಫ್ಯಾನ್ ಅದನ್ನು ಎಳೆದುಕೊಂಡು ಜಾಳಿಗೆ ಅಂಟಿಸುತ್ತದೆ, ಒತ್ತಾದ ಫಿನ್‌ಗಳ ನಡುವೆ ಸಿಕ್ಕಿದ ಸಿಪ್ಪೆ ಮತ್ತು ಧೂಳು ನೀರು ಹೊಡೆದರೂ ಸುಲಭವಾಗಿ ಬರುವುದಿಲ್ಲ. ರೇಡಿಯೇಟರಿನ ಮುಂದೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಜಾಳಿ) ಇರುವ ಗಾಡಿಗಳಲ್ಲಿ ಈ ಕಸ ಎರಡರ ನಡುವಿನ ಸಂದಿನಲ್ಲಿ ಕಂಬಳಿಯಂತೆ ಕಟ್ಟಿಕೊಂಡು, ಹೊರಗಿನಿಂದ ನೋಡಿದವರಿಗೆ ಕಾಣಿಸುವುದೂ ಇಲ್ಲ. ತೊಳೆಯುವಾಗ ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ಮೆಲುವಾದ ಒತ್ತಡದಲ್ಲಿ ನೀರು ಬಿಡಬೇಕು. ವಾಷಿಂಗ್ ಸೆಂಟರಿನ ಜೋರಾದ ಪೈಪನ್ನು ಹತ್ತಿರ ಹಿಡಿದರೆ ಫಿನ್ ಮಲಗಿಬಿಡುತ್ತವೆ.

ಒಂದೇ 207 ಎಂಬ ಹೆಸರಿನಲ್ಲಿ ಬೇರೆ ಬೇರೆ ವರ್ಷಗಳ ಗಾಡಿಗಳಿಗೆ ಪೈಪಿನ ಬಾಯಿ, ಕೆಳಗಿನ ಗೂಟ, ಫ್ಯಾನ್ ಕವಚದ ಬೋಲ್ಟ್ ತೂತುಗಳು ಬೇರೆಯಾಗಿರಬಹುದು. ಅದಕ್ಕೇ ಚಾಸಿ ನಂಬರನ್ನು ಬರೆದುಕೊಂಡು, ಸಾಧ್ಯವಾದರೆ ಹಳೆಯ ರೇಡಿಯೇಟರನ್ನೇ ಹೊತ್ತುಕೊಂಡು ಹೋಗಬೇಕು. ಕವಚದ ವಿಷಯವನ್ನು ಒತ್ತಿ ಹೇಳಲೇಬೇಕು. ಘಾಟಿನಲ್ಲಿ ಗಾಡಿ ನಿಧಾನವಾಗಿ ಏರುವಾಗ ಎದುರಿನ ಗಾಳಿಯ ನೆರವು ಇರುವುದಿಲ್ಲ, ಎಲ್ಲ ಗಾಳಿಯನ್ನೂ ಫ್ಯಾನೇ ಎಳೆಯಬೇಕು. ಕವಚ ಮತ್ತು ಜಾಳಿಯ ನಡುವೆ ಬೆರಳು ಹೋಗುವಷ್ಟು ಸಂದು ಉಳಿದರೆ ಫ್ಯಾನ್ ಜಾಳಿಯ ಮೂಲಕ ಎಳೆಯುವ ಬದಲು ಆ ಸಂದಿನಿಂದ ಎಂಜಿನ್ನಿನ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ನಮ್ಮ ಗಾಡಿಯಲ್ಲಿ ಕವಚದ ಒಂದು ಮೂಲೆ ಮುರಿದಿತ್ತು. ಮೆಕ್ಯಾನಿಕ್ ಅದನ್ನು ತಗಡಿನಿಂದ ಸರಿಪಡಿಸಿ, ಅಂಚಿಗೆ ಸ್ಪಂಜಿನ ಪಟ್ಟಿ ಅಂಟಿಸಿದರು. ಹೊಸ ರೇಡಿಯೇಟರಿನಷ್ಟೇ ಈ ಸಣ್ಣ ಕೆಲಸವೂ ಫಲ ಕೊಟ್ಟಿದೆ ಎಂದು ನನ್ನ ನಂಬಿಕೆ.

ಕೂರಿಸುವ ಮೊದಲು ಎಂಜಿನ್ನಿನ ಬ್ಲಾಕನ್ನು ನೀರು ತಿಳಿಯಾಗುವವರೆಗೆ ತೊಳೆದರು. ಬೀಡು ಕಬ್ಬಿಣದ ಬ್ಲಾಕಿನೊಳಗಿನ ತುಕ್ಕು ಉಳಿದಿದ್ದರೆ ಅದೆಲ್ಲ ಹೊಸ ಜಾಳಿಯ ಕಿರಿದಾದ ನಳಿಕೆಗಳಿಗೇ ಹೋಗಿ ಸೇರುತ್ತಿತ್ತು. ಹೋಸ್ ಪೈಪ್, ಕ್ಲಿಪ್, ಕೆಳಗಿನ ರಬ್ಬರ್ ಬುಷ್ ಎಲ್ಲವನ್ನೂ ಹೊಸದಾಗಿಯೇ ಹಾಕಿಸಿದೆವು.

ಮುಚ್ಚಳದ ಬಗ್ಗೆ ಅಂಗಡಿಯವರು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿಯೇ ತೆಗೆದುಕೊಳ್ಳಬೇಕು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯಲ್ಲಿ ನೀರು ಇಲ್ಲಿ 98 ಡಿಗ್ರಿಗೇ ಕುದಿಯುತ್ತದೆ, 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳ ಹಾಕಿದರೆ ಅದೇ ನೀರು ಹೆಚ್ಚುಕಡಿಮೆ 118 ಡಿಗ್ರಿಯವರೆಗೆ ಕುದಿಯದೆ ತಡೆಯುತ್ತದೆ. ಸ್ಪ್ರಿಂಗ್ ಸಡಿಲಾದ ಹಳೆಯ ಮುಚ್ಚಳ ಈ ಅಂತರವನ್ನೆಲ್ಲ ಕಸಿದುಕೊಳ್ಳುತ್ತದೆ. ಹಾಗೆಂದು ಗಾಡಿಗೆ ಹೇಳಿದ್ದಕ್ಕಿಂತ ಹೆಚ್ಚಿನ ಒತ್ತಡದ್ದನ್ನು ಹಾಕಿದರೆ ಹಳೆಯ ಹೋಸ್ ಮತ್ತು ಹೀಟರಿನ ಪೈಪುಗಳು ತಾಳುವುದಿಲ್ಲ. ಮುಚ್ಚಳದ ಮೇಲೆ ಒತ್ತಿರುವ ಅಂಕಿಯನ್ನು ಓದಿ, ಅದೇ ಅಂಕಿಯ ಹೊಸದನ್ನು ಕೊಳ್ಳಬೇಕು. ಕೂಲಂಟ್ ವಿಷಯದಲ್ಲಿ ಅಲ್ಯೂಮಿನಿಯಂ ರೇಡಿಯೇಟರ್ ತಾಮ್ರದ್ದಕ್ಕಿಂತ ನಾಜೂಕು: ಬೋರ್‌ವೆಲ್ ನೀರು, ನಲ್ಲಿ ನೀರು ತುಂಬಿ ಓಡಿಸುವ ರೂಢಿಯನ್ನು ಬಿಡಲೇಬೇಕು, ಇಲ್ಲದಿದ್ದರೆ ಒಳಗಿನಿಂದಲೇ ತೂತು ಬೀಳುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಪಾಲು ಬೆರೆಸಿದ್ದೇವೆ. ಡ್ರೈವರಿಗೆ ದಾರಿಯಲ್ಲಿ ಬೇಕಾದೀತೆಂದು ಬೆರೆಸಿದ ಡಬ್ಬಿಯನ್ನೇ ಸೀಟಿನ ಹಿಂದೆ ಇಟ್ಟಿದ್ದೇವೆ.

ಫಲಿತಾಂಶ ತೃಪ್ತಿಕರವಾಗಿದೆ. ತುಂಬಿದ ಗಾಡಿ ಮಧ್ಯಾಹ್ನದ ಬಿಸಿಲಿನಲ್ಲಿ ಖಂಬಾಟ್ಕಿ ಹತ್ತುವಾಗ ಮುಳ್ಳು ಮಧ್ಯದಿಂದ ತುಸು ಮೇಲೆ ಹೋಗಿ, ಘಾಟಿನ ತಲೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಸೊಲ್ಲಾಪುರದ ರಸ್ತೆಯಲ್ಲಂತೂ ಕದಲುವುದೇ ಇಲ್ಲ. ಕೊರತೆ ಎಂದರೆ, ನೀರು ಇಳಿಸುವ ತಿರುಪು ಪ್ಲಾಸ್ಟಿಕ್ಕಿನದು, ಜೋರಾಗಿ ತಿರುಗಿಸಿದರೆ ಮುರಿಯುವಂತಿದೆ. ಮೇಲಿನ ಬ್ರಾಕೆಟ್ಟಿನ ಒಂದು ತೂತನ್ನು ಅರದಿಂದ ತುಸು ಹಿಗ್ಗಿಸಬೇಕಾಯಿತು. ಈ ದರದ ಮಾಲಿನಲ್ಲಿ ಇವೆರಡೂ ಇರಬಾರದಿತ್ತು.

ಅಂಗಡಿಯ ಬಗ್ಗೆ ನನಗಿರುವ ಒಂದೇ ತಕರಾರು ಲೆಕ್ಕದ್ದು. ಹಳೆಯ ರೇಡಿಯೇಟರನ್ನು ಅಲ್ಲೇ ಬಿಟ್ಟರೆ ಇಂತಿಷ್ಟು ಕಡಿಮೆ ಮಾಡುತ್ತೇವೆ ಎಂದು ಒಂದು ಗುಂಡು ಮೊತ್ತ ಹೇಳಿದರು. ತಾಮ್ರ-ಹಿತ್ತಾಳೆಯನ್ನು ತೂಕಕ್ಕೆ ಹಾಕಿದರೆ ಅದಕ್ಕಿಂತ ಹೆಚ್ಚು ಬರುತ್ತದೆ ಎಂದು ಕೇಳಿದ ಮೇಲೆ ತಕ್ಕಡಿಗೆ ಇಟ್ಟರು. ಬಿಲ್ ಕೊಡುವಲ್ಲಿ ಮಾತ್ರ ತಕರಾರಿಲ್ಲದೆ ಕೊಟ್ಟರು. ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಬಂದಿರುವುದರಿಂದ, ಹಿಂದೆ ಶೇ. 28 ಇದ್ದ ಕಾಲದ ದರಪಟ್ಟಿ ತೋರಿಸಿದರೆ ಒಪ್ಪಬೇಡಿ. ಬಿಲ್ಲಿನ ಮೇಲೆ ತಯಾರಕರ ಪಾರ್ಟ್ ನಂಬರನ್ನೂ ಬರೆಸಿಕೊಳ್ಳಿ, ಅದು ಇಲ್ಲದೆ ಮುಂದೆ ವಾರಂಟಿ ಕೇಳಲು ಹೋದರೆ ಯಾವುದೇ ಅಂಗಡಿಯಲ್ಲಿ ಮಾತು ಮುಂದಕ್ಕೆ ಸಾಗುವುದಿಲ್ಲ.